ಹೇಮಂತದ ಮುಂಜಾವದಲ್ಲಿ ಬೈಸಿಕಲ್ಲಿನ ಸವಾರಿ

ಪುಷ್ಯಮಾಸದ ಚಳಿಯನ್ನು ಕಂಬಳಿಯೊಳಗಿಂದ ವರ್ಣಿಸುವುದು ಸುಲಭ. ಉಪಾಧ್ಯಾಯನಾಗಿದ್ದಷ್ಟು ಕಾಲವೂ ನಾನು ಮಾಡಿದುದು ಅದನ್ನೇ. ಕಾಳಿದಾಸನ ‘ಋತುಸಂಹಾರ’ದಲ್ಲಿ ಹೇಮಂತಕ್ಕೆ ಒಂದು ಸರ್ಗವೇ ಮೀಸಲಾಗಿದೆಯೆಂದು ತರಗತಿಯಲ್ಲಿ ಹೇಳುತ್ತಿದ್ದೆನೇ ಹೊರತು, ಆ ಋತುವಿನ ಮುಂಜಾವದಲ್ಲಿ ಬೈಸಿಕಲ್ಲನ್ನೇರಿ ಹೊರಟವನಲ್ಲ. ನಿವೃತ್ತನಾದ ಮೇಲೆ, ಕಳೆದ ಪುಷ್ಯದಲ್ಲಿ, ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿಬರುವ ಮನಸ್ಸಾಯಿತು. ದಾರಿಯು ಸುಮಾರು 13 ಕಿಲೋಮೀಟರು.

ಬೆಳಗಿನ ಆರು ಗಂಟೆಗೆ ಹೊರಟೆನು. ಬಚ್ಚಲುಮನೆಯ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯು ಬೆಣ್ಣೆಯಂತೆ ಗಟ್ಟಿಯಾಗಿದ್ದಿತು. ಶಾಖವು 24 ಡಿಗ್ರಿಗಿಂತ ಇಳಿದರೆ ಅದು ಹೆಪ್ಪುಗಟ್ಟುವುದು ಸಹಜ. ಊರು ದಾಟುತ್ತಲೇ ತೆಂಗಿನ ತೋಟಗಳನ್ನು ಮಂಜು ಕವಿದಿದ್ದಿತು. ಕಣಗಳಲ್ಲಿ ರಾಗಿಯ ಮೆದೆಗಳು ಮಾತ್ರ ಕಪ್ಪಗೆ ಕಾಣುತ್ತಿದ್ದುವು. ದಿಣ್ಣೆಯನ್ನೇರುವಾಗ ಮೈ ಬೆಚ್ಚಗಾಗುವುದು. ಕೆರೆಯ ಕೆಳಗಿನ ತಗ್ಗಿಗೆ ಇಳಿಯುತ್ತಲೇ ಚಳಿಯು ಎದೆಯನ್ನು ಹಿಡಿಯುವುದು. ರಾತ್ರಿಯಲ್ಲಿ ತಣಿದ ಗಾಳಿಯು ಭಾರವಾಗಿ ತಗ್ಗಿನಲ್ಲಿ ನಿಲ್ಲುವುದೇ ಇದಕ್ಕೆ ಕಾರಣ. ಅಲ್ಲದೆ, ಎಲೆಯೂ ಅಲುಗದ ಬೆಳಗಿನಲ್ಲಿಯೂ ಗಂಟೆಗೆ 15 ಕಿಲೋಮೀಟರಿನಂತೆ ಹೋಗುವವನಿಗೆ ಅಷ್ಟೇ ವೇಗದ ಎದುರುಗಾಳಿ. ಚರ್ಮದ ಮೇಲಣ ಬೆಚ್ಚನೆಯ ವಾಯುವಿನ ಪದರವನ್ನು ಅದು ಕ್ಷಣಕ್ಷಣಕ್ಕೂ ಒಯ್ಯುತ್ತದೆ. ದೇಹವಾದರೋ ಒಳಗಣ ಶಾಖವನ್ನು ಕಾಪಾಡುವುದಕ್ಕಾಗಿ ಕೈಗಳ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಪೆಡಲು ತುಳಿಯುವ ಕಾಲು ಬಿಸಿಯಾಗಿದ್ದರೂ ಹ್ಯಾಂಡಲನ್ನು ಹಿಡಿದ ಬೆರಳು ಮರಗಟ್ಟುವುದು.

ಬೆಳಗೊಳವು ಸಮೀಪಿಸುತ್ತಿರಲು ಮಂಜು ಹರಿದು, ಚಾವುಂಡರಾಯನು ಮಾಡಿಸಿದ ಗೊಮ್ಮಟನು ದೊಡ್ಡಬೆಟ್ಟದ ಮೇಲೆ ಉತ್ತರಾಭಿಮುಖನಾಗಿ ನಿಂತಿರುವುದು ಕಾಣಿಸಿತು. ಸಾವಿರ ವರ್ಷಗಳಿಗೂ ಮಿಗಿಲಾಗಿ ಚಳಿಗಾಳಿಗೆ ಬರಿಮೈಯನ್ನೊಡ್ಡಿರುವ ಆ ಮೂರ್ತಿಯ ವಿಷಯವಾಗಿ ಎರಡು ಮಾತು ಬರೆದುಕೊಳ್ಳೋಣವೆಂದು ಜೇಬಿನ ಪುಸ್ತಕವನ್ನು ತೆಗೆದೆನು. ಲೇಖನಿಯು ಬೆರಳಿನಲ್ಲಿ ನಿಲ್ಲಲಿಲ್ಲ. ಬರೆದ ಒಂದು ಸಾಲೂ ಓದುವಂತಿರಲಿಲ್ಲ. ಅಂತಹ ವಕ್ರಾಕ್ಷರಗಳನ್ನು ಹಿಂದೆ ಕಂಡಿದ್ದ ನೆನಪಾಯಿತು.

ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಬೈಸಿಕಲ್ಲು ಕೊಡುವ ಯೋಜನೆಯು 2006-07ರಲ್ಲಿ ಆರಂಭವಾಯಿತು. ಆ ಬಳಿಕ ದೂರದ ಹಳ್ಳಿಯಿಂದ ಒಬ್ಬ ಹುಡುಗಿ ನನ್ನ ತರಗತಿಗೆ ಬೈಸಿಕಲ್ಲಿನಲ್ಲಿ ಬರುತ್ತಿದ್ದಳು. ಚಳಿಗಾಲದ ಒಂದು ದಿವಸ ಬೆಳಗಿನ ಶ್ರುತಲೇಖನದಲ್ಲಿ ಅವಳ ಅಕ್ಷರಗಳು ಹೀಗೆಯೇ ಇದ್ದುವು. “ಕೈ ಬರ್ತಾ ಇಲ್ಲ ಸಾರ್” ಎಂದಳು. ನಾನು ಅದನ್ನು ಸೋಮಾರಿತನವೆಂದು ಬಗೆದು, ಎಲ್ಲರೆದುರಿನಲ್ಲಿ ನಿಲ್ಲಿಸಿ, ಆ ಪಾಠವನ್ನು ಮನೆಯಲ್ಲಿ ಹತ್ತು ಸಲ ಬರೆದು ತರಹೇಳಿದೆನು. ಅವಳು ಮತ್ತೆ ಮಾತನಾಡಲಿಲ್ಲ, ಬರೆದು ತಂದಳು. ಅಕ್ಷರಗಳು ದುಂಡಗಿದ್ದುವು. ಶಿಕ್ಷೆಯ ಫಲವಿದು ಎಂದು ನಾನು ಹಿಗ್ಗಿದೆನು! ಒಲೆಯ ಬಳಿಯಲ್ಲಿ ಕುಳಿತು ಬರೆದ ಕೈ ಅದೆಂದು ಹೊಳೆಯಲಿಲ್ಲ.

ಮಕ್ಕಳನ್ನು ಚಳಿಯಲ್ಲಿ ಬೈಸಿಕಲ್ಲಿನ ಮೇಲೆ ಕಳುಹಿಸುವ ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು: ಬ್ರೇಕು ಹಿಡಿಯಲು ಅಡ್ಡಿಯಾಗದಂತಹ ಕೈಗವಸನ್ನು ತೊಡಿಸಿರಿ. ಎದೆಗೆ ಗಾಳಿ ತಾಗದಂತೆ ಅಂಗಿಯೊಳಗೆ ಹಳೆಯ ವೃತ್ತಪತ್ರಿಕೆಯ ಹಾಳೆಯೊಂದನ್ನು ಮಡಿಸಿ ಇರಿಸಿದರೂ ಆದೀತು. ಇಬ್ಬನಿಯಿಂದ ಗಾಲಿಯ ಅಂಚು ಒದ್ದೆಯಾದಾಗ ಬ್ರೇಕು ತಡವಾಗಿ ಹಿಡಿಯುವುದರಿಂದ ಇಳಿಜಾರಿನಲ್ಲಿ ಮೆಲ್ಲನೆ ಹೋಗುವಂತೆ ಹೇಳಿರಿ. ಉಪಾಧ್ಯಾಯ ಮಿತ್ರರು ಚಳಿಗಾಲದಲ್ಲಿ ಮೊದಲ ಹತ್ತು ನಿಮಿಷ ಬಾಯಿಪಾಠವನ್ನು ಮಾಡಿಸಲಿ, ಬರವಣಿಗೆ ಆಮೇಲಾಗಲಿ.

ಆ ಹುಡುಗಿ ಈಗ ಎಲ್ಲಿರುವಳೋ ಅರಿಯೆನು. ಈ ಪುಟವು ಅವಳ ಕೈಗೆ ಬಂದರೆ, ಮೇಷ್ಟ್ರು ತಮ್ಮ ತಪ್ಪನ್ನು ಒಪ್ಪಿಕೊಂಡರೆಂದು ತಿಳಿಯಲಿ.