ಮನೇಲೇ ಕಾರ್ಬನ್ ಫೈಬರ್: ವ್ಯಾಕ್ಯೂಮ್ ಪಂಪಿಗೆ ಎಷ್ಟು ದುಡ್ಡು ಸುರೀಬೇಕು?

ಈ ಸಲದ ವಿಷಯ ಒಬ್ಬ ಕೇಳುಗನ ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಡಿಪ್ಲೊಮಾ ಓದೋ ಹುಡುಗ, ಡ್ರೋನ್ ಹುಚ್ಚು. "ಅಕ್ಕಾ, ಫ್ರೇಮ್‌ಗೆ ಕಾರ್ಬನ್ ಫೈಬರ್ ಪ್ಲೇಟ್ ನಾನೇ ಮಾಡ್ಬೇಕು ಅಂತಿದೀನಿ. ಕೂಡಿಟ್ಟಿರೋದು 9 ಸಾವಿರ. ಅಂಗಡಿಯವ್ರು ಎಂಟೂವರೆ ಸಾವಿರದ ಡಬಲ್ ಸ್ಟೇಜ್ ಪಂಪ್ ತಗೋ ಅಂತಾರೆ. ತಗೊಳ್ಲಾ?"

ಉಳಿಯೋದು 500. ಫೈಬರ್ ಬಟ್ಟೆ, ಎಪಾಕ್ಸಿ ಎಲ್ಲಿಂದ ಬರುತ್ತೆ? ನಾನು ಬಿ.ಕಾಂ. ಓದಿದವಳು, ಇಂಜಿನಿಯರ್ ಅಲ್ಲ. ಆದ್ರೆ ನಮ್ಮನೆ ತಾರಸಿ ಮೇಲೆ ತಮ್ಮ ಆಟದ ವಿಮಾನದ ರೆಕ್ಕೆ ಮಾಡೋವಾಗ ಬಿಲ್ ಕಟ್ಟಿದವಳು ನಾನೇ. ಹಾಗಾಗಿ ಈ ಲೆಕ್ಕ ನನಗೆ ಗೊತ್ತು.

ಮೊದಲು ಕೆಲಸ ಏನು ಅಂತ ನೋಡೋಣ. ಕಾಂಪೊಸಿಟ್ ಅಂದ್ರೆ ಬಟ್ಟೆ ಮತ್ತು ಅಂಟು. ಗ್ಲಾಸ್ ಅಥವಾ ಕಾರ್ಬನ್ ಬಟ್ಟೆಗೆ ಎಪಾಕ್ಸಿ ಹಚ್ಚಿ ಪದರ ಪದರವಾಗಿ ಜೋಡಿಸ್ತೀವಿ. ಮೇಲೆ ಅಂಟದ ಬಟ್ಟೆ, ಹೆಚ್ಚಿನ ಎಪಾಕ್ಸಿ ಹೀರೋ ಬಟ್ಟೆ, ಕೊನೆಗೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಂಚನ್ನ ಅಂಟು ಟೇಪ್‌ನಿಂದ ಮುಚ್ಚಿ ಒಳಗಿನ ಗಾಳಿ ಎಳೆದುಬಿಡ್ತೀವಿ. ಆಗ ಪದರಗಳು ಬಿಗಿಯಾಗಿ ಕೂರುತ್ತವೆ, ಗುಳ್ಳೆ ಕಡಿಮೆಯಾಗುತ್ತೆ, ತೂಕ ಇಳಿಯುತ್ತೆ.

ಇಲ್ಲಿ ಒತ್ತೋದು ಪಂಪ್ ಅಲ್ಲ, ನಮ್ಮ ತಲೆ ಮೇಲಿರೋ ಗಾಳಿ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪ್ಲೇಟ್ ಮೇಲೆ ಮಂಗಳೂರಲ್ಲಿ ಹೆಚ್ಚು ಕಡಿಮೆ 950 ಕಿಲೋ ಭಾರ ಬೀಳುತ್ತೆ. ಬೆಂಗಳೂರಲ್ಲಿ 850ರ ಆಸುಪಾಸು. ವ್ಯತ್ಯಾಸ ಯಾಕೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ಗೇಜ್‌ನಲ್ಲಿ 30 ಇಂಚಿನ ತನಕ ಗೀಟು ಇರುತ್ತೆ, ಆದ್ರೆ ಬೆಂಗಳೂರಲ್ಲಿ ಎಂಥಾ ಪಂಪ್ ಹಾಕಿದ್ರೂ ಮುಳ್ಳು 27ರ ಹತ್ತಿರ ನಿಂತುಬಿಡುತ್ತೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಮುಂಚೆನೇ. ಅಷ್ಟಕ್ಕೇ ಪಂಪ್ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೋಗ್ಬೇಡಿ.

ಈಗ ಆ ಡಬಲ್ ಸ್ಟೇಜ್ ವಿಷಯ. ಎಸಿ ರಿಪೇರಿಯವರು ಬಳಸೋ ಪಂಪ್ ಇದು. ಡಬ್ಬದ ಮೇಲೆ ಸಿಂಗಲ್ ಸ್ಟೇಜ್‌ಗೆ 150 ಮೈಕ್ರಾನ್, ಡಬಲ್‌ಗೆ 20 ಮೈಕ್ರಾನ್ ಅಂತ ಏನೋ ಬರೆದಿರುತ್ತೆ. ಒಂದು ಮೈಕ್ರಾನ್ ಅಂದ್ರೆ ಪಾದರಸದ ಒಂದು ಮಿಲಿಮೀಟರ್‌ನಲ್ಲಿ ಸಾವಿರದಲ್ಲೊಂದು ಪಾಲು. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 685 ಮಿಲಿಮೀಟರ್. ಅಂದ್ರೆ 685ರಲ್ಲಿ 0.13ರ ವ್ಯತ್ಯಾಸಕ್ಕೆ ನೀವು ಸಾವಿರಗಟ್ಟಲೆ ಹೆಚ್ಚು ಕೊಡ್ತಿದೀರಿ! ಎಸಿ ಪೈಪಿನ ತೇವ ಒಣಗಿಸೋರಿಗೆ ಅದು ಬೇಕು, ನಮಗೆ ಬೇಡ. ಪಾಲಿಯೆಸ್ಟರ್ ರೆಸಿನ್ ಬಳಸೋರಿಗಂತೂ ಅಷ್ಟು ಆಳದ ವ್ಯಾಕ್ಯೂಮ್ ತೊಂದರೆನೇ. ಅದರಲ್ಲಿರೋ ಸ್ಟೈರೀನ್ ಕುದಿಯೋಕೆ ಶುರುವಾಗಿ ಗುಳ್ಳೆ ಏಳುತ್ತೆ.

ಹಾಗಾದ್ರೆ ಅಗ್ಗದ ದಾರಿ? ಹಳೇ ಫ್ರಿಜ್‌ನ ಕಂಪ್ರೆಸರ್. ಫ್ರಿಜ್ ರಿಪೇರಿ ಅಂಗಡಿಯಲ್ಲೋ ಗುಜರಿಯಲ್ಲೋ ಚೌಕಾಸಿ ಮಾಡಿದ್ರೆ ಹೊಸ ಪಂಪಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತೆ. ಓಡ್ತಿದೆಯಾ ಅಂತ ಅಲ್ಲೇ ಕರೆಂಟ್ ಕೊಟ್ಟು ನೋಡಿ, ರಿಲೇ ಮತ್ತು ಓವರ್‌ಲೋಡ್ ಜೊತೆಗೇ ಇಸ್ಕೊಳ್ಳಿ. ಸಾಮಾನ್ಯವಾಗಿ ಮೂರು ತಾಮ್ರದ ಪೈಪ್ ಇರುತ್ತೆ: ಒಂದು ಎಳೆಯುತ್ತೆ, ಒಂದು ಊದುತ್ತೆ, ಮೂರನೇದು ಗ್ಯಾಸ್ ತುಂಬೋದಕ್ಕೆ ಇರೋದು. ಆ ಮೂರನೇದನ್ನ ಮುಚ್ಚದಿದ್ರೆ ವ್ಯಾಕ್ಯೂಮ್ ನಿಲ್ಲಲ್ಲ. ಊದೋ ಪೈಪಿಂದ ಎಣ್ಣೆ ಹನಿ ಬರುತ್ತೆ, ಅದಕ್ಕೆ ಬಟ್ಟೆ ತುರುಕಿದ ಬಾಟಲಿ ಇಡಿ. ಎಷ್ಟು ಎಣ್ಣೆ ಹೊರಬಂತೋ ಅಷ್ಟು ವಾಪಸ್ ತುಂಬಿ, ಇಲ್ಲದಿದ್ರೆ ಮಷೀನ್ ಜಾಮ್ ಆಗುತ್ತೆ. ಮೋಟರ್‌ಗೆ ಅರ್ಥಿಂಗ್ ಇರಲೇಬೇಕು.

ಒಂದು ಮಾತು ಜೋರಾಗಿ ಹೇಳ್ತೀನಿ. ಫ್ರಿಜ್‌ನಿಂದ ಕಂಪ್ರೆಸರ್ ನೀವೇ ಕತ್ತರಿಸ್ಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಆರ್-600ಎ, ಅಂದ್ರೆ ಐಸೊಬ್ಯುಟೇನ್ ಇರುತ್ತೆ. ಅಡುಗೆ ಗ್ಯಾಸ್‌ನ ದಾಯಾದಿ ಅದು, ಹೊತ್ತಿಕೊಳ್ಳುತ್ತೆ. ಮೆಕ್ಯಾನಿಕ್ ಕೈಲೇ ಗ್ಯಾಸ್ ತೆಗೆಸಿ.

ಇದರ ಕೊರತೆ ಅಂದ್ರೆ ನಿಧಾನ. ಸಣ್ಣ ಫ್ರಿಜ್‌ನ ಕಂಪ್ರೆಸರ್ ನಿಮಿಷಕ್ಕೆ ಅಂದಾಜು ಹತ್ತು-ಹದಿನೈದು ಲೀಟರ್ ಗಾಳಿ ಎಳೆಯುತ್ತೆ. 3 ಸಿಎಫ್‌ಎಂ ಎಸಿ ಪಂಪ್ 85 ಲೀಟರ್ ಎಳೆಯುತ್ತೆ. ಡ್ರೋನ್ ಪ್ಲೇಟಿನ ಚೀಲದಲ್ಲಿರೋದೇ ಕೆಲವು ಲೀಟರ್, ಅದಕ್ಕೆ ಧಾರಾಳ ಸಾಕು. ಆದ್ರೆ ಅಂಚಿನಲ್ಲಿ ಸೋರಿಕೆ ಇದ್ರೆ ಇದು ಸೋಲುತ್ತೆ. ದೊಡ್ಡ ಪಂಪ್ ಸೋರಿಕೆಯನ್ನ ಮುಚ್ಚಿಡುತ್ತೆ, ಅಷ್ಟೇ. ಎಪಾಕ್ಸಿ ಗಟ್ಟಿಯಾಗೋ ಅಷ್ಟೂ ಗಂಟೆ ಅದು ಓಡ್ತಾ ಇರಬೇಕು. ಫ್ರಿಜ್ ಕಂಪ್ರೆಸರ್ ಅಷ್ಟು ಹೊತ್ತು ಓಡಿದ್ರೆ ಸುಡುತ್ತೆ, ಯಾಕಂದ್ರೆ ಅದನ್ನ ತಣ್ಣಗಿಡ್ತಿದ್ದ ಗ್ಯಾಸ್ ಈಗ ಇಲ್ಲ. ಅದಕ್ಕೇ ಪಂಪಿನಲ್ಲಿ ಉಳಿಸಿದ ದುಡ್ಡಲ್ಲಿ ಒಳ್ಳೇ ಬ್ಯುಟೈಲ್ ಟೇಪ್, ಒಂದು ಬಾಲ್ ವಾಲ್ವ್, ಒಂದು ಗೇಜ್ ಕೊಳ್ಳಿ.

ಚೀಲಕ್ಕೂ ಪಂಪಿಗೂ ನಡುವೆ ರೆಸಿನ್ ಹಿಡಿಯೋ ಪಾತ್ರೆ ಬೇಕೇ ಬೇಕು. ಗಾಜಿನ ಬಾಟಲಿ ಬೇಡ, ಒಳಕ್ಕೆ ಸಿಡಿಯುತ್ತೆ. ಹಳೇ ಪ್ರೆಶರ್ ಕುಕ್ಕರ್ ನಡೆಯುತ್ತೆ, ಆದ್ರೆ ಮುಚ್ಚಳ ಹೊರಗಿಂದ ಕೂರೋದು ನೋಡ್ಕೊಳ್ಳಿ. ಒಳಮುಚ್ಚಳದ್ದು ಉಗಿ ಮೇಲಕ್ಕೆ ಒತ್ತಿದಾಗ ಬಿಗಿಯಾಗೋದು, ವ್ಯಾಕ್ಯೂಮ್‌ನಲ್ಲಿ ಅದೇ ಕೆಳಗೆ ಜಾರುತ್ತೆ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು, ಅಮ್ಮನಿಗೆ ಮೊದಲೇ ಹೇಳಿಬಿಡಿ.

ಹಾಸನ, ಮಂಡ್ಯ, ಕೋಲಾರದ ಕಡೆಯವರಿಗೆ ಇನ್ನೊಂದು ದಾರಿ: ಹಾಲು ಕರೆಯೋ ಮಷೀನಿನ ಹಳೇ ಪಂಪ್. ಅದು ವಾತಾವರಣದ ಒತ್ತಡದ ಅರ್ಧದಷ್ಟು ಎಳೆಯುತ್ತೆ. ಕೈಯಲ್ಲಿ ಎಪಾಕ್ಸಿ ಹಚ್ಚಿ ಚೀಲ ಹಾಕೋ ಕೆಲಸಕ್ಕೆ ಅಷ್ಟು ಸಾಕು, ಅಡಿಗೆ ನಾನೂರು ಕಿಲೋ ಮೀರಿ ಬೀಳುತ್ತಲ್ಲ! ಕೊಟ್ಟಿಗೆಯಲ್ಲಿ ಈಗ ಬಳಸ್ತಿರೋ ಮಷೀನ್ ಮಾತ್ರ ಮುಟ್ಬೇಡಿ. ಮನೆ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಎಳೆತ ಐದರಲ್ಲೊಂದು ಪಾಲು ಅಷ್ಟೇ, ಬಾಯಿ ಮುಚ್ಚಿ ಓಡಿಸಿದ್ರೆ ಮೋಟರ್ ಹೋಗುತ್ತೆ.

ಹೊಸ ಪಂಪ್ ಯಾವಾಗ ಕೊಳ್ಳಬೇಕು? ವಾರಕ್ಕೊಂದು ಪೀಸ್ ಮಾಡಿ ಮಾರೋರು, ಇಲ್ಲಾ ಒಣ ಬಟ್ಟೆಗೆ ವ್ಯಾಕ್ಯೂಮ್‌ನಿಂದಲೇ ರೆಸಿನ್ ಎಳೆಸೋ ಇನ್ಫ್ಯೂಷನ್ ಮಾಡೋರು ತಗೊಳ್ಳಲಿ. ಸಿಂಗಲ್ ಸ್ಟೇಜ್ ಸಾಕು. ಎಣ್ಣೆ ಮಬ್ಬಾದ ಕೂಡಲೇ ಬದಲಿಸ್ತಿರಿ.

ಎಪಾಕ್ಸಿ ಹಾರ್ಡ್ನರ್ ಬರಿಗೈಯಲ್ಲಿ ಮುಟ್ಬೇಡಿ. ಅಲರ್ಜಿ ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ. ನೈಟ್ರೈಲ್ ಗ್ಲೌಸ್ ಹಾಕಿ, ಹಾಸ್ಟೆಲ್ ರೂಮ್ ಬಿಟ್ಟು ತಾರಸಿಗೆ ಹೋಗಿ. ಗಟ್ಟಿಯಾದ ಪ್ಲೇಟ್ ಕತ್ತರಿಸುವಾಗ ಸರಿಯಾದ ಮಾಸ್ಕ್ ಇರಲಿ.

ಪಂಪ್ ಮನೆಗೆ ಬಂದ ದಿನ ರೆಸಿನ್ ಡಬ್ಬ ತೆರೀಲೇಬೇಡಿ. ಖಾಲಿ ಚೀಲ ಕಟ್ಟಿ, ಗಾಳಿ ಎಳೆದು, ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ ಹದಿನೈದು ನಿಮಿಷ ಗೇಜ್ ನೋಡ್ತಾ ಕೂತ್ಕೊಳ್ಳಿ. ಮುಳ್ಳು ಇಳಿದ್ರೆ ಅಂಚಿಗೆ ಕಿವಿ ಕೊಡಿ, ಸುಯ್ ಅನ್ನೋ ಜಾಗದಲ್ಲಿ ಟೇಪ್ ಒತ್ತಿ. ಮುಳ್ಳು ನಿಂತಲ್ಲೇ ನಿಂತ್ರೆ ಮಾರನೇ ದಿನ ಎಪಾಕ್ಸಿ ಕಲಸಿ.