ಮುತ್ತಮ್ಮನವರ ಮೊಕದ್ದಮೆ

ಮಹಿಳೆಯರ ಸಮಾನತೆಯ ಮಾತು ಬಂದಾಗ ನಾವು ಮೊದಲು ನೆನೆಯುವುದು ಸಂವಿಧಾನವನ್ನು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 14ನೇ ವಿಧಿಯ ಪ್ರಕಾರ ಕಾನೂನಿನ ಮುಂದೆ ಎಲ್ಲರೂ ಸಮಾನರು. ಸರ್ಕಾರಿ ಉದ್ಯೋಗದಲ್ಲಿ ಗಂಡು-ಹೆಣ್ಣೆಂಬ ಭೇದ ಕೂಡದೆಂದು 16ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದೂ, ಮದುವೆಯಾಗಲು ಮಹಿಳಾ ಅಧಿಕಾರಿಗಳು ಮಾತ್ರ ಸರ್ಕಾರದ ಅಪ್ಪಣೆ ಪಡೆಯಬೇಕೆಂಬ ನಿಯಮವೊಂದು ನಮ್ಮ ದೇಶದಲ್ಲಿತ್ತು. ಅದನ್ನು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿಸಿದವರು ಕೊಡಗಿನ ಸಿ. ಬಿ. ಮುತ್ತಮ್ಮ.

ಮುತ್ತಮ್ಮನವರು 1924ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳ ವಿದ್ಯಾಭ್ಯಾಸಕ್ಕೆ ಕುಂದು ಬಾರದಂತೆ ನೋಡಿಕೊಂಡವರು ತಾಯಿ. ಮಡಿಕೇರಿಯಲ್ಲಿ ಶಾಲೆ ಮುಗಿಸಿ, ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆಯಾದರು. ಆದರೆ ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಪುರುಷ ಅಧಿಕಾರಿಗಳಿಗೆ ಈ ಕಟ್ಟಳೆ ಇರಲಿಲ್ಲ.

ಸಂವಿಧಾನ ಬಂದು ಹನ್ನೊಂದು ವರ್ಷಗಳ ನಂತರ, 1961ರಲ್ಲಿ ರಚನೆಯಾದ ಸೇವಾ ನಿಯಮಗಳಲ್ಲೂ ಇದೇ ಧೋರಣೆ ಮುಂದುವರಿಯಿತು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುವ ಸಂಭವವಿದೆಯೆಂದು ಸರ್ಕಾರಕ್ಕೆ ತೋರಿದರೆ ಆಕೆ ರಾಜೀನಾಮೆ ನೀಡಬೇಕಾಗಬಹುದು. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇಲ್ಲವೆಂದು ಮತ್ತೊಂದು ನಿಯಮ ಹೇಳುತ್ತಿತ್ತು. ಈ ಎರಡನೆಯ ನಿಯಮ ರದ್ದಾದದ್ದು 1973ರಲ್ಲಿ.

1970ರಲ್ಲಿ ಮುತ್ತಮ್ಮನವರು ಹಂಗೆರಿಗೆ ರಾಯಭಾರಿಯಾದರು. ವಿಜಯಲಕ್ಷ್ಮಿ ಪಂಡಿತ್ ಅದಕ್ಕೂ ಮೊದಲೇ ರಾಯಭಾರಿಯಾಗಿದ್ದರೂ ಅವರು ಬಂದದ್ದು ರಾಜಕೀಯ ಕ್ಷೇತ್ರದಿಂದ. ಸೇವೆಯೊಳಗಿನಿಂದಲೇ ಮೇಲೇರಿ ಆ ಹುದ್ದೆ ತಲುಪಿದ ಮೊದಲ ಮಹಿಳೆ ಮುತ್ತಮ್ಮ. ಆದರೂ ಮುಂದೆ ಅತ್ಯುನ್ನತ ಶ್ರೇಣಿಗೆ ಅವರಿಗೆ ಬಡ್ತಿ ನಿರಾಕರಿಸಲಾಯಿತು. ಹೆಣ್ಣೆಂಬ ಕಾರಣಕ್ಕೆ ತಮಗೆ ಅನ್ಯಾಯವಾಗಿದೆಯೆಂದು ಅವರು 1979ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದರು. ಮೂಲಭೂತ ಹಕ್ಕಿಗೆ ಚ್ಯುತಿ ಬಂದಾಗ ಹಾಗೆ ಮೊರೆಹೋಗಲು ಸಂವಿಧಾನದ 32ನೇ ವಿಧಿ ಅವಕಾಶ ನೀಡುತ್ತದೆ.

ಅರ್ಜಿ ಸಲ್ಲಿಸಿದ ಮೇಲೆ ಸರ್ಕಾರ ಬಡ್ತಿ ನೀಡಿತು. ಹೀಗಾಗಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಆದರೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನ ತರ್ಕ ಸರಳವಾದದ್ದು: ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಅದು ಗಂಡಸಿಗೂ ಆಗಬಹುದಲ್ಲವೇ? ಹಾಗಿದ್ದಮೇಲೆ ಹೆಣ್ಣಿಗೆ ಮಾತ್ರ ಅನುಮತಿಯ ಷರತ್ತು ಏಕೆ? ಮದುವೆಗೆ ಅನುಮತಿ ಬೇಕೆಂಬ ನಿಯಮವನ್ನೂ ತೆಗೆದುಹಾಕುತ್ತಿರುವುದಾಗಿ ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ಅವರ ಸೇವಾ ಹಿರಿತನವನ್ನು ಮರುಪರಿಶೀಲಿಸಬೇಕು, ಒಬ್ಬೊಬ್ಬರೂ ಕೋರ್ಟಿಗೆ ಬರುವವರೆಗೆ ಕಾಯದೆ ಎಲ್ಲ ಸೇವಾ ನಿಯಮಗಳಿಂದಲೂ ಇಂಥ ತಾರತಮ್ಯದ ಕಳಂಕವನ್ನು ತೊಡೆಯಬೇಕು ಎಂದು ನ್ಯಾಯಾಲಯ ಸೂಚಿಸಿತು.

ಒಂದು ತೀರ್ಪಿನಿಂದ ಎಲ್ಲವೂ ಸರಿಹೋಗಲಿಲ್ಲ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆಯಲ್ಲಿ, ಮೊದಲ ಬಾರಿ ಗರ್ಭಿಣಿಯಾದೊಡನೆ ಕೆಲಸದಿಂದ ತೆಗೆಯುವ ನಿಯಮವನ್ನು ಸುಪ್ರೀಂ ಕೋರ್ಟು ರದ್ದುಪಡಿಸಿತು. ಆದರೆ ಸೇವೆಯ ಮೊದಲ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವನ್ನು ಅದೇ ತೀರ್ಪು ಎತ್ತಿಹಿಡಿಯಿತು. ಸಮಾನತೆಯ ದಾರಿ ನೇರವಾದ ದಾರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಮುತ್ತಮ್ಮನವರು ನೆದರ್ಲೆಂಡ್ಸಿನಲ್ಲಿಯೂ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು. ಅವರು ಮದುವೆಯಾಗಲಿಲ್ಲ. 2001ರಲ್ಲಿ ಚೋಕಿಲಾ ಅಯ್ಯರ್ ವಿದೇಶಾಂಗ ಕಾರ್ಯದರ್ಶಿಯಾದ ಮೊದಲ ಮಹಿಳೆ ಎನಿಸಿದರು. 2009ರ ಆಗಸ್ಟಿನಲ್ಲಿ ನಿರುಪಮಾ ರಾವ್ ಅದೇ ಹುದ್ದೆಗೇರಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮುತ್ತಮ್ಮನವರು ಬೆಂಗಳೂರಿನಲ್ಲಿ ನಿಧನರಾದರು.

ಭೇದಭಾವ ಯಾವಾಗಲೂ ಕೂಗಿ ಹೇಳಿಕೊಂಡು ಬರುವುದಿಲ್ಲ. ಎಷ್ಟೋ ಸಲ ನಿಯಮಾವಳಿಯ ಒಂದು ಉಪನಿಯಮದಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ವಿದ್ಯಾರ್ಥಿಗಳು ನಾಳೆ ಯಾವುದೇ ಉದ್ಯೋಗಕ್ಕೆ ಸೇರುವಾಗ ಅಲ್ಲಿನ ನಿಯಮಗಳನ್ನು ಓದಬೇಕು. ಇದೇ ಷರತ್ತು ಗಂಡಸರಿಗೂ ಇದೆಯೇ ಎಂದು ಕೇಳಬೇಕು. ಮುತ್ತಮ್ಮನವರು ಕೇಳಿದ್ದೂ ಇದೇ ಪ್ರಶ್ನೆಯನ್ನು.