ಮಲ್ಪೆಯ ಕಲ್ಲುದ್ವೀಪಗಳೂ ಗಾಮ ನೆಟ್ಟ ಕಂಬವೂ

ಶಿಗ್ಗಾಂವ, ಹಾನಗಲ್ಲ ಕಡೆಯಿಂದ ಉಡುಪಿಗೆ ಹೊರಡುವ ಪ್ರವಾಸದ ಬಸ್ಸುಗಳ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಕೃಷ್ಣಮಠ, ಕನಕನ ಕಿಂಡಿ, ಮಧ್ಯಾಹ್ನ ಮಠದ ಊಟ, ಬಿಸಿಲು ಇಳಿಯುವ ಹೊತ್ತಿಗೆ ಮಲ್ಪೆಯ ಕಡಲು. ಕನಕದಾಸರು ಶಿಗ್ಗಾಂವ ತಾಲ್ಲೂಕಿನ ಬಾಡದವರು. ಹಾಗಾಗಿ ಕಿಂಡಿಯ ಮುಂದೆ ನಿಂತಾಗ ಈ ಭಾಗದವರಿಗೆ ತಮ್ಮ ಮನೆಯ ಹಿರಿಯರನ್ನು ನೆನೆದಂತಾಗುತ್ತದೆ. ಮಲ್ಪೆಯಲ್ಲಿ ಬೋಟು ಹತ್ತಿ ಸೇಂಟ್ ಮೇರಿಸ್ ದ್ವೀಪದತ್ತ ಹೊರಟವರ ಕಿವಿಗೆ ಬೇರೆಯದೇ ಕಥೆ ಬೀಳುತ್ತದೆ. ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಇಲ್ಲೇ, ಕಲ್ಲಿಕೋಟೆಗೆ ಹೋದದ್ದು ಆಮೇಲೆ ಎನ್ನುವ ಕಥೆ.

ಕಥೆ ಚೆನ್ನಾಗಿದೆ, ಆದರೆ ನಿಜವಲ್ಲ.

ಮೊದಲು ದ್ವೀಪಗಳನ್ನೇ ನೋಡೋಣ. ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ, ಉತ್ತರ ದಕ್ಷಿಣವಾಗಿ ಚೆಲ್ಲಿಕೊಂಡ ಕಲ್ಲಿನ ಗುಂಪು ಇದು. ದೊಡ್ಡವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ. ಯಾವುದರಲ್ಲೂ ಜನವಸತಿಯಿಲ್ಲ. ಪ್ರವಾಸಿಗರ ಬೋಟು ಹೋಗುವುದು ತೆಂಗಿನ ದ್ವೀಪಕ್ಕೆ. ಮಳೆಗಾಲದಲ್ಲಿ ಅದೂ ಬಂದ್. ತೋನ್ಸೆಪಾರ್ ಎಂಬ ಸ್ಥಳೀಯ ಹೆಸರೂ ಈ ದ್ವೀಪಗಳಿಗಿದೆ. ದರಿಯಾ ಬಹದ್ದೂರ್‌ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ ಎಂಬ ಹೇಳಿಕೆಯಿದೆ.

ತೆಂಗಿನ ದ್ವೀಪದಲ್ಲಿ ಇಳಿದರೆ ಕಾಲಡಿ ಸಿಗುವುದು ಮರಳಿಗಿಂತ ಹೆಚ್ಚಾಗಿ ಚಿಪ್ಪಿನ ಚೂರು. ಎದುರಿಗೆ ಯಾರೋ ಉಳಿ ಹಿಡಿದು ಕಡೆದಂತಹ ಕಲ್ಲುಕಂಬಗಳು. ಐದು ಮುಖದವು, ಆರು ಮುಖದವು, ಏಳು ಮುಖದವೂ ಉಂಟು. ಕೆಲವು ಆರು ಮೀಟರಿನಷ್ಟು ಎತ್ತರ. ಸವಣೂರು ಕಡೆಯ ಎರಿ ಹೊಲ ಬೇಸಿಗೆಯಲ್ಲಿ ಬಿರಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಹೊಲದ ಮಣ್ಣು ಒಣಗಿ ಕುಗ್ಗುತ್ತದೆ, ಬಿರುಕು ಬಹುಭುಜದ ಆಕಾರ ತಾಳುತ್ತದೆ. ಇಲ್ಲಿ ಕುಗ್ಗಿದ್ದು ಲಾವಾ. ತಣಿಯುತ್ತ ಕುಗ್ಗಿದಾಗ ಮೇಲೆ ಬಿದ್ದ ಬಿರುಕು ಆಳಕ್ಕಿಳಿದು ಕಂಬ ಕಂಬವಾಗಿ ಸೀಳಿತು.

ಈ ಕಲ್ಲಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಇದು ಬಸಾಲ್ಟ್, ದಖ್ಖನ್ ಲಾವಾದ ತುಂಡು ಎಂದು ಅನೇಕರು ಹೇಳುತ್ತಾರೆ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇಲ್ಲಿಯ ಬಂಡೆ ಸಿಲಿಕಾ ಹೆಚ್ಚಿರುವ ಡಸೈಟ್, ರಯೋಲೈಟ್ ಜಾತಿಯದು, ವಯಸ್ಸು 8.5 ರಿಂದ 9 ಕೋಟಿ ವರ್ಷ. ಮಡಗಾಸ್ಕರದ ಲಾವಾ ಶಿಲೆಗಳೂ ಅದೇ ಕಾಲದವು. ಭಾರತ ಮತ್ತು ಮಡಗಾಸ್ಕರ ಒಂದರಿಂದೊಂದು ಬೇರ್ಪಟ್ಟ ಹೊತ್ತಿನ ಬೆಂಕಿ ಇಲ್ಲಿ ಕಲ್ಲಾಗಿ ಉಳಿದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಸಾಲಿನದು.

ಇನ್ನು ಗಾಮನ ವಿಷಯ. ಅವನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯ ಹಸ್ತಪ್ರತಿ ಪೋರ್ಚುಗಲ್ಲಿನ ಪೋರ್ತೊ ನಗರದ ಗ್ರಂಥಾಲಯದಲ್ಲಿದೆ. ಅದು ಅಚ್ಚಾದದ್ದು 1838ರಲ್ಲಿ. ಅದರ ಪ್ರಕಾರ 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿ ಬಿಟ್ಟ ಹಡಗುಗಳು ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಅದಕ್ಕೆ ಮುಂಚೆ ಅವರಿಗೆ ಕಂಡ ಎತ್ತರದ ನೆಲ ಕಣ್ಣೂರಿನ ಏಳಿಮಲೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಏಳಿಮಲೆ ಇರುವುದು ಮಲ್ಪೆಯಿಂದ ತೀರ ದಕ್ಷಿಣಕ್ಕೆ. ಅಲ್ಲಿಂದ ಕಲ್ಲಿಕೋಟೆಗೆ ಇನ್ನೂ ದಕ್ಷಿಣಕ್ಕೇ ಹೋದವನ ದಾರಿಯಲ್ಲಿ ಮಲ್ಪೆ ಬರುವುದೇ ಇಲ್ಲ.

ದ್ವೀಪಗಳ ಪ್ರಸ್ತಾಪ ಬರುವುದು ಅವನು ಊರಿಗೆ ಮರಳುವಾಗ. ಆಗಸ್ಟ್ 29ರಂದು ಕಲ್ಲಿಕೋಟೆ ಬಿಟ್ಟು ತೀರ ಹಿಡಿದು ಬಡಗಲಿಗೆ ಬಂದವರು ಸೆಪ್ಟೆಂಬರ್ 15ರಂದು ಕೆಲವು ಪುಟ್ಟ ದ್ವೀಪಗಳ ಹತ್ತಿರ ನಿಂತರು. ದೋಣಿಗಳಲ್ಲಿ ಜನ ಮೀನು ತಂದರು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ, ಇಲ್ಲೊಂದು ಕಂಬ ನೆಡಲೇ ಎಂದು ಕೇಳಿದ. ಅವರು ಸಂತೋಷದಿಂದ ಒಪ್ಪಿದರು, ತಾವೂ ಕ್ರೈಸ್ತರೇ ಎಂದರು ಎಂದು ದಿನಚರಿ ಹೇಳುತ್ತದೆ. ಯಾವ ಭಾಷೆಯಲ್ಲಿ ಈ ಮಾತು ನಡೆಯಿತೋ! ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನು ಇಗರ್ಜಿ ಎಂದೇ ಭಾವಿಸಿ ಕೈಮುಗಿದು ಬಂದವರು ಇವರು. ಇಲ್ಲೂ ಅದೇ ಭ್ರಮೆ ಮುಂದುವರಿದಂತಿದೆ. ಪೋರ್ಚುಗಲ್ಲಿನ ದೊರೆ ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಸಂತ ಮೇರಿಯ ಹೆಸರಿನದು ಹೀಗೆ ದ್ವೀಪದ ಮೇಲೆ ನಿಂತಿತು. ರಾತ್ರಿಯೇ ಹಡಗು ಹೊರಟಿತು. ಬಾಡದಲ್ಲಿ ಕನಕರು ಹುಟ್ಟಲು ಇನ್ನೂ ಸುಮಾರು ಹತ್ತು ವರ್ಷವಿದ್ದ ಕಾಲವದು.

ದಿನಚರಿಯಲ್ಲಿ ಮಲ್ಪೆಯ ಹೆಸರಿಲ್ಲ. ದ್ವೀಪ ದಡದಿಂದ ಎರಡು ಲೀಗ್ ದೂರ ಎಂದಿದೆ, ಅಂದರೆ ಹತ್ತು ಕಿಲೋಮೀಟರಿಗೂ ಮಿಕ್ಕಿ. ಆ ಲೆಕ್ಕ ಇಲ್ಲಿಗೆ ಪೂರಾ ಹೊಂದುವುದಿಲ್ಲ. ಕಣ್ಣಳತೆಯ ಅಂದಾಜು ಇದ್ದೀತು. ಆ ಕಂಬವೂ ಇಂದು ಅಲ್ಲಿಲ್ಲ. ಆದರೂ ಇದೇ ಆ ಜಾಗ ಎಂಬ ಅಭಿಪ್ರಾಯವೇ ರೂಢಿಯಲ್ಲಿದೆ.

ಗಾಮ ಮುಂದೆ ತಂಗಿದ್ದು ಕಾರವಾರದೆದುರಿನ ಅಂಜದೀವದಲ್ಲಿ. ಅಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದರು. 1961ರ ಡಿಸೆಂಬರಿನಲ್ಲಿ ಆ ದ್ವೀಪವನ್ನು ಬಿಡಿಸಿಕೊಳ್ಳಲು ನೌಕಾಪಡೆಯ ಏಳು ಮಂದಿ ಪ್ರಾಣ ಕೊಡಬೇಕಾಯಿತು. ಕಾರವಾರದ ಮಗ್ಗುಲಲ್ಲೇ ಇದ್ದರೂ ಅದು ಆಡಳಿತದ ಲೆಕ್ಕದಲ್ಲಿ ಇಂದಿಗೂ ಗೋವಾಕ್ಕೆ ಸೇರಿದ್ದು.

ಮಲ್ಪೆಯ ಬೋಟಿನಲ್ಲಿ ಕಥೆ ಹೇಳುವವರಲ್ಲಿ ಒಂದು ವಿನಂತಿ: ಗಾಮ ಬಂದದ್ದು 1498ರ ಸೆಪ್ಟೆಂಬರ್ 15ರಂದು, ಮರಳಿ ಹೋಗುವ ದಾರಿಯಲ್ಲಿ ಎಂದೇ ಹೇಳಿ, ದೋಣಿಯಲ್ಲಿ ಮೀನು ತಂದವರನ್ನೂ ಆ ಕಥೆಗೆ ಸೇರಿಸಿಕೊಳ್ಳಿ. ಹಾವೇರಿ ಕಡೆಯಿಂದ ಹೋಗುವವರು ಪಾಚಿಗಟ್ಟಿದ ಬಂಡೆಯಂಚಿಗೆ ಮಕ್ಕಳನ್ನು ಬಿಡಬೇಡಿ, ಕಂಬದ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಬರಬೇಡಿ.